ಬೇರೆ ದೋಣಿಗೆ ಮಾಡಿದ ಟ್ರೇಲರ್ ಅನ್ನು ನನ್ನ ದೋಣಿಗೆ ಹೊಂದಿಸಬೇಕು, ಎಲ್ಲಿಂದ ಶುರು ಮಾಡಲಿ?

ಹೊಸನೀರು

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವ ಟ್ರೇಲರ್ ಬೇರೆ ಯಾವುದೋ ದೋಣಿಗೆ ಅಂತ ಮಾಡಿದ್ದು. ಚಾಸಿ ಗಟ್ಟಿಯಾಗಿದೆ, ತುಕ್ಕು ಹಿಡಿದಿಲ್ಲ, ಟೈರ್ ಚೆನ್ನಾಗಿವೆ. ಪ್ಲೇಟಿನಲ್ಲಿ ಒಟ್ಟು 1200 ಕಿಲೋ ಅಂತ ಬರೆದಿದೆ. ಹಾಗಾಗಿ ಇದನ್ನು ಬಿಡುವ ಮನಸ್ಸಿಲ್ಲ, ಇದನ್ನೇ ಹೊಂದಿಸಿಕೊಳ್ಳಬೇಕು.

ದೋಣಿ 5 ಮೀಟರ್ ಉದ್ದದ ಫೈಬರಿನದ್ದು. ತಳ ವಿ ಆಕಾರ. ಹಿಂದೆ 60 ಎಚ್‌ಪಿ ಔಟ್‌ಬೋರ್ಡ್ ಎಂಜಿನ್. ಎಂಜಿನ್, ಪೆಟ್ರೋಲ್, ಬ್ಯಾಟರಿ, ಲಂಗರು ಎಲ್ಲ ಸೇರಿ ಸುಮಾರು 700 ಕಿಲೋ. ಟ್ರೇಲರ್ 250 ಕಿಲೋ. ಒಂಟಿ ಆಕ್ಸಲ್, ಲೀಫ್ ಸ್ಪ್ರಿಂಗ್. ಕಾರ್ಪೆಟ್ ಹೊದಿಸಿದ ಎರಡು ಮರದ ಬಂಕ್ ಮೇಲೆ ದೋಣಿ ಕೂರುತ್ತದೆ.

ತೊಂದರೆ ಮೂರು. ದೋಣಿಯ ಹಿಂಭಾಗ ಬಂಕ್ ತುದಿಯಿಂದ 18 ಸೆಂಟಿಮೀಟರ್ ಹೊರಗೆ ಚಾಚಿದೆ. ಎರಡನೆಯದು, ಕಾರಿಗೆ ಸಿಕ್ಕಿಸುವ ಕಪ್ಲರ್ ಕಡೆ ತೀರಾ ಹಗುರ, ಸುಲಭವಾಗಿ ಎತ್ತಬಹುದು. ಸ್ವಲ್ಪ ವೇಗ ಹೆಚ್ಚಿಸಿದರೆ ಟ್ರೇಲರ್ ಎಡ ಬಲ ಬಾಲ ಅಲ್ಲಾಡಿಸುತ್ತದೆ. ಮೂರನೆಯದು, ದೋಣಿ ಎಡಕ್ಕೆ ವಾಲಿ ಕೂರುತ್ತದೆ.

ಗ್ಯಾರೇಜಿನವರು ಆಕ್ಸಲ್ ಹಿಂದಕ್ಕೆ ಸರಿಸಿದರೆ ಎಲ್ಲ ಸರಿಹೋಗುತ್ತದೆ ಅಂದರು. ನಿಜವಾ?

ಕೀಲ್‌ಲೈನ್

ಆಕ್ಸಲ್ ಸರಿಸಿದರೆ ನಿಮ್ಮ ಎರಡನೆಯ ತೊಂದರೆ ಮಾತ್ರ ಹೋಗುತ್ತದೆ. ಮೊದಲನೆಯದು ಹಾಗೇ ಇರುತ್ತದೆ, ಮತ್ತು ದೋಣಿಯನ್ನು ಹಾಳು ಮಾಡುವುದು ಆ ಮೊದಲನೆಯದೇ.

ನಾನು ಯಾವಾಗಲೂ ಹೇಳುವ ಕ್ರಮ ಇಷ್ಟು. ಮೊದಲು ದೋಣಿಯ ತಳಕ್ಕೆ ಸರಿಯಾದ ಜಾಗದಲ್ಲಿ ಆಧಾರ ಸಿಗಬೇಕು. ಆಮೇಲೆ ದೋಣಿ ಉದ್ದುದ್ದಕ್ಕೆ ಎಲ್ಲಿ ನಿಲ್ಲಬೇಕು ಅನ್ನುವುದನ್ನು ವಿಂಚ್ ಕಂಬ (ದೋಣಿಯನ್ನು ಎಳೆದು ಹಿಡಿಯುವ ರಾಟೆ ಇರುವ ಮುಂದಿನ ಕಂಬ) ತೀರ್ಮಾನಿಸಬೇಕು. ಇವೆರಡೂ ಮುಗಿದ ಮೇಲೆ ತೂಕ ನೋಡಿ, ಬೇಕಾದರೆ ಮಾತ್ರ ಆಕ್ಸಲ್ ಮುಟ್ಟಬೇಕು. ಇದನ್ನು ತಿರುವು ಮುರುವು ಮಾಡಿದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ. ಆಕ್ಸಲ್ ಸರಿಸಿ ತೂಕ ಕೂಡಿಸಿಕೊಂಡಿರುತ್ತೀರಿ, ಆಮೇಲೆ ದೋಣಿ ಮುಂದಕ್ಕೆ ತಂದ ತಕ್ಷಣ ಕಪ್ಲರ್ ಭಾರ ಜಾಸ್ತಿ ಆಗಿರುತ್ತದೆ.

ಏನೂ ಬಿಚ್ಚುವ ಮೊದಲು ಎರಡು ಅಳತೆ ಕೊಡಿ. ಕಪ್ಲರ್ ಮೇಲೆ ಎಷ್ಟು ಕಿಲೋ ಬೀಳುತ್ತಿದೆ, ಕಪ್ಲರ್ ಮಧ್ಯದಿಂದ ಆಕ್ಸಲ್ ಮಧ್ಯಕ್ಕೆ ಎಷ್ಟು ದೂರ.

ಸ್ಪ್ಯಾನರ್‌ವಾಲಾ

ಕೀಲ್‌ಲೈನ್ ಸರ್ ಹೇಳಿದ ಕ್ರಮ ಸರಿ. ಆದರೆ ಒಂದು ಮಾತು ಸೇರಿಸುತ್ತೇನೆ. ದೋಣಿ ಮುಂದಕ್ಕೆ ತರುವುದು ಎಲ್ಲ ಟ್ರೇಲರಿನಲ್ಲೂ ಆಗುವ ಕೆಲಸವಲ್ಲ. ಮುಂದಕ್ಕೆ ತಂದಷ್ಟೂ ದೋಣಿಯ ಮೂತಿ ಕಾರಿನ ಹತ್ತಿರ ಬರುತ್ತದೆ. ರಿವರ್ಸ್ ತೆಗೆಯುವಾಗ ತೀವ್ರವಾಗಿ ತಿರುಗಿಸಿದರೆ ಮೂತಿ ಕಾರಿನ ಹಿಂಬದಿಯ ಮೂಲೆಗೆ ತಾಗಬಹುದು. ಡಿಕ್ಕಿ ಬಾಗಿಲು ಪೂರ್ತಿ ತೆರೆಯುತ್ತದಾ ಅಂತಲೂ ನೋಡಿಕೊಳ್ಳಿ. ಇನ್ನೊಂದು, ಮೂತಿ ಮುಂದೆ ಬಂದಾಗ ಕೀಲ್ (ತಳದ ನಡುವಿನ ಉದ್ದನೆಯ ಏಣು) ಚಾಸಿಯ ಮುಂದಿನ ಅಡ್ಡಪಟ್ಟಿಗೆ ಬಡಿಯದಂತೆ ಜಾಗ ಇರಬೇಕು. ಟ್ರೇಲರ್ ಗುಂಡಿಗೆ ಇಳಿದಾಗ ಬಡಿಯುವುದೂ ಲೆಕ್ಕವೇ.

ಅಷ್ಟು ಜಾಗ ಇಲ್ಲದಿದ್ದರೆ ಆಕ್ಸಲ್ ಸರಿಸುವುದು ಬಿಟ್ಟು ಬೇರೆ ದಾರಿ ಇಲ್ಲ. ಲೀಫ್ ಸ್ಪ್ರಿಂಗ್ ಆಗಿರುವುದರಿಂದ ಹ್ಯಾಂಗರುಗಳನ್ನು, ಅಂದರೆ ಸ್ಪ್ರಿಂಗನ್ನು ಚಾಸಿಗೆ ಹಿಡಿಸುವ ಬ್ರಾಕೆಟ್‌ಗಳನ್ನು, ಬೋಲ್ಟ್ ಹಾಕಿದ್ದಾರಾ, ವೆಲ್ಡ್ ಮಾಡಿದ್ದಾರಾ ನೋಡಿ ಹೇಳಿ. ಬೋಲ್ಟ್ ಆಗಿದ್ದರೆ ಸರಿಸಬಹುದು. ವೆಲ್ಡ್ ಆಗಿದ್ದರೆ ಅದು ವರ್ಕ್‌ಶಾಪ್ ಕೆಲಸ, ಮನೆಯಲ್ಲಿ ಕತ್ತರಿಸಲು ಹೋಗಬೇಡಿ.

ಅಲೆಯಂಚು

ಆ 18 ಸೆಂಟಿಮೀಟರ್ ಬಗ್ಗೆ ಗಟ್ಟಿಯಾಗಿ ಹೇಳಲೇಬೇಕು. ನಿಮ್ಮ ಎಂಜಿನ್ ನೂರು ಕಿಲೋಗಿಂತ ಜಾಸ್ತಿ ತೂಗುತ್ತದೆ. ಅದು ನೇತಾಡುತ್ತಿರುವುದು ದೋಣಿಯ ಹಿಂಗೋಡೆಗೆ, ಅಂದರೆ ಟ್ರಾನ್ಸಮ್‌ಗೆ. ಅದರ ಕೆಳಗೆ ಈಗ ಏನೂ ಇಲ್ಲ. ಪುಸ್ತಕ ಹೇರಿದ ಹಲಗೆ ವರ್ಷ ಕಳೆದಂತೆ ಬಾಗಿ ಹಾಗೇ ನಿಂತುಬಿಡುವಂತೆ ಫೈಬರ್ ಕೂಡ ಒಂದೇ ಕಡೆ ಭಾರ ಹೊತ್ತು ಕೂತರೆ ನಿಧಾನಕ್ಕೆ ಆಕಾರ ಬದಲಿಸುತ್ತದೆ. ಬಿಸಿಲಿನಲ್ಲಿ ಇನ್ನೂ ಬೇಗ. ದೋಣಿ ನೀರಿನಲ್ಲಿ ಇರುವ ಹೊತ್ತು ಕಡಿಮೆ, ಟ್ರೇಲರ್ ಮೇಲೆ ಕೂತಿರುವ ಹೊತ್ತೇ ಜಾಸ್ತಿ ಅಲ್ವಾ.

ಹೀಗೆ ಬಾಗಿದ್ದಕ್ಕೆ ಹುಕ್ ಅನ್ನುತ್ತಾರೆ. ತಳದ ಕೊನೆಯ ಭಾಗ ಕೆಳಕ್ಕೆ ಕೊಕ್ಕೆಯಂತೆ ತಿರುಗುತ್ತದೆ. ಆಮೇಲೆ ನೀರಿನಲ್ಲಿ ಓಡುವಾಗ ಆ ಕೊಕ್ಕೆ ಹಿಂಭಾಗವನ್ನು ಮೇಲೆತ್ತಿ ಮೂತಿಯನ್ನು ನೀರಿಗೆ ಒತ್ತುತ್ತದೆ. ವೇಗ ಬೀಳುತ್ತದೆ, ಎಂಜಿನ್ ಎಷ್ಟು ಟ್ರಿಮ್ ಮಾಡಿದರೂ (ಅದರ ಓರೆ ಬದಲಿಸಿದರೂ) ಮೂತಿ ಏಳುವುದಿಲ್ಲ. ಬಹಳ ಜನ ಪ್ರೊಪೆಲ್ಲರ್ ಬದಲಾಯಿಸಿ ನೋಡುತ್ತಾರೆ, ಕಾರಣ ಟ್ರೇಲರಿನಲ್ಲಿ ಇರುತ್ತದೆ.

ಈಗಲೇ ಒಂದು ಪರೀಕ್ಷೆ ಮಾಡಿ. ಸುಮಾರು ಒಂದೂವರೆ ಮೀಟರ್ ಉದ್ದದ ನೇರವಾದ ಅಲ್ಯೂಮಿನಿಯಂ ಪಟ್ಟಿ ತೆಗೆದುಕೊಳ್ಳಿ. ಕೀಲಿನ ಪಕ್ಕದಲ್ಲಿ, ಕೀಲಿಗೆ ಸಮಾನಾಂತರವಾಗಿ, ಒಂದು ತುದಿ ಟ್ರಾನ್ಸಮ್ ಅಂಚಿಗೆ ಬರುವಂತೆ ತಳಕ್ಕೆ ಒತ್ತಿ ಹಿಡಿಯಿರಿ. ಪಟ್ಟಿಗೂ ತಳಕ್ಕೂ ಮಧ್ಯೆ ಬೆಳಕು ಕಾಣುತ್ತದಾ ನೋಡಿ. ಎರಡೂ ಬದಿ ನೋಡಿ. ಸಂದು ಇಲ್ಲದಿದ್ದರೆ ದೋಣಿ ಇನ್ನೂ ಹಾಳಾಗಿಲ್ಲ, ಕೂಡಲೇ ಟ್ರೇಲರ್ ಸರಿ ಮಾಡಿ.

ಹೊಸನೀರು

ಅಲೆಯಂಚು ಮೇಡಂ, ಪಟ್ಟಿ ಹಿಡಿದು ನೋಡಿದೆ. ಎರಡೂ ಬದಿ ನೇರವಾಗಿದೆ. ಹಿಂದಿನವರು ಇದನ್ನು ಬೇರೆ ಟ್ರೇಲರಿನಲ್ಲಿ ಇಟ್ಟಿದ್ದರಂತೆ, ಅದೇ ಕಾಪಾಡಿರಬೇಕು.

ಅಳತೆ: ಕಪ್ಲರಿನಿಂದ ಆಕ್ಸಲ್‌ಗೆ 4.4 ಮೀಟರ್. ಕಪ್ಲರ್ ಮೇಲೆ 28 ಕಿಲೋ. ಹ್ಯಾಂಗರ್ ಯು-ಬೋಲ್ಟ್‌ನಿಂದ ಚಾಸಿಗೆ ಕಟ್ಟಿದ್ದು, ವೆಲ್ಡ್ ಇಲ್ಲ. ವಿಂಚ್ ಕಂಬದ ಮುಂದೆ ಕಾಲು ಮೀಟರಿನಷ್ಟು ಜಾಗ ಖಾಲಿ ಇದೆ.

ಕೀಲ್‌ಲೈನ್

ಚೆನ್ನಾಗಿ ಅಳೆದಿದ್ದೀರಿ. ತೂಕ ನೋಡುವಾಗ ಕಪ್ಲರ್ ಕಾರಿನ ಬಾಲ್ (ಕಪ್ಲರ್ ಸಿಕ್ಕಿಸುವ ಗುಂಡು) ಇರುವ ಎತ್ತರದಲ್ಲೇ ಇತ್ತು ಅಂದುಕೊಳ್ಳುತ್ತೇನೆ. ಎತ್ತರ ಬದಲಾದರೆ ಓದುವ ಸಂಖ್ಯೆಯೂ ಬದಲಾಗುತ್ತದೆ. ಮನೆಯ ತೂಕದ ಯಂತ್ರ ನೆಲದ ಮೇಲಿಟ್ಟು, ಅದರ ಮೇಲೆ ಬಾಲ್ ಎತ್ತರಕ್ಕೆ ಕತ್ತರಿಸಿದ ಮರದ ತುಂಡು ನಿಲ್ಲಿಸಿ, ಅದರ ಮೇಲೆ ಕಪ್ಲರ್ ಇಳಿಸಿದರೆ ಸಾಕು. ಚಕ್ರಕ್ಕೆ ಎರಡೂ ಕಡೆ ಬೆಣೆ ಕೊಟ್ಟಿರಬೇಕು.

ಈಗ ಲೆಕ್ಕ. ಒಟ್ಟು 950 ಕಿಲೋ, ಕಪ್ಲರ್ ಮೇಲೆ 28. ಅಂದರೆ ನೂರಕ್ಕೆ ಮೂರು. ದೋಣಿ ಟ್ರೇಲರಿಗೆ ಸಾಮಾನ್ಯವಾಗಿ ನೂರಕ್ಕೆ 5ರಿಂದ 10 ಇಟ್ಟುಕೊಳ್ಳುತ್ತಾರೆ. ನಾನಾದರೆ 7ರ ಸುತ್ತ ಇಡುತ್ತೇನೆ. ಕಡಿಮೆ ಆದರೆ ನೀವು ಹೇಳಿದ ಬಾಲ ಅಲ್ಲಾಡುವುದು. ಜಾಸ್ತಿ ಆದರೆ ಕಾರಿನ ಹಿಂಭಾಗ ಕುಗ್ಗಿ, ಮುಂದಿನ ಚಕ್ರದ ಹಿಡಿತ ಕಡಿಮೆಯಾಗಿ, ಸ್ಟೀರಿಂಗ್ ಹಗುರವಾಗುತ್ತದೆ. ನಿಮ್ಮ ಕಾರಿನ ಹಿಚ್ (ಟ್ರೇಲರ್ ಎಳೆಯುವ ಜೋಡಣೆ) ಎಷ್ಟು ಭಾರ ತಡೆಯುತ್ತದೆ ಅನ್ನುವುದು ಅದರ ಪ್ಲೇಟಿನಲ್ಲೇ ಇರುತ್ತದೆ, ಅದನ್ನು ಮೀರಬಾರದು.

ದೋಣಿಯನ್ನು ಮುಂದಕ್ಕೆ ಸರಿಸಿದರೆ ಎಷ್ಟು ಕೂಡುತ್ತದೆ ಅಂತ ಬಿಚ್ಚದೆಯೇ ಹೇಳಬಹುದು. ದೋಣಿಯ ತೂಕವನ್ನು ಸರಿಸಿದ ದೂರದಿಂದ ಗುಣಿಸಿ, ಕಪ್ಲರಿನಿಂದ ಆಕ್ಸಲ್ ದೂರದಿಂದ ಭಾಗಿಸಿ. 700 ಗುಣಿಸು 0.18, ಭಾಗಿಸು 4.4. ಬರುವುದು ಸುಮಾರು 29 ಕಿಲೋ. ಈಗಿನ 28ಕ್ಕೆ ಕೂಡಿಸಿದರೆ 57, ಅಂದರೆ ನೂರಕ್ಕೆ 6. ಆಕ್ಸಲ್ ಮುಟ್ಟದೆಯೇ ಎರಡೂ ತೊಂದರೆ ಬಹುಪಾಲು ಹೋಯಿತು, ನೋಡಿ.

ತೇಲುಮರ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇಷ್ಟೆಲ್ಲ ಯಾಕೆ? ಬಂಕ್ ಮರವನ್ನೇ ಹಿಂದಕ್ಕೆ 20 ಸೆಂಟಿಮೀಟರ್ ಉದ್ದ ಮಾಡಿದರೆ ಟ್ರಾನ್ಸಮ್ ಕೆಳಗೆ ಆಧಾರ ಬರುತ್ತದಲ್ಲ? ಅಥವಾ ಬಂಕ್ ಕಿತ್ತು ರೋಲರ್ ಹಾಕಿಬಿಡುವುದು. ಇಳಿಸುವುದು, ಏರಿಸುವುದು ಎರಡೂ ಸಲೀಸು.

ಅಲೆಯಂಚು

ಬಂಕ್ ಉದ್ದ ಮಾಡಬಹುದು, ಆದರೆ ಆ ಮರದ ಕೆಳಗೆ ಏನಿದೆ ಅನ್ನುವುದು ಮುಖ್ಯ. ಕೊನೆಯ ಬ್ರಾಕೆಟ್ ದಾಟಿ ಮರ ಬರಿದೇ ಚಾಚಿಕೊಂಡಿದ್ದರೆ, ಎಂಜಿನ್ ಭಾರಕ್ಕೆ ಮರವೂ ಬಾಗುತ್ತದೆ, ಅದರ ಜೊತೆ ತಳವೂ ಬಾಗುತ್ತದೆ. ಟ್ರಾನ್ಸಮ್‌ನ ನೇರ ಕೆಳಗೆ ಅಥವಾ ಅದಕ್ಕೆ ತೀರಾ ಹತ್ತಿರದಲ್ಲಿ ಬ್ರಾಕೆಟ್ ಮತ್ತು ಚಾಸಿಯ ಅಡ್ಡಪಟ್ಟಿ ಇರಬೇಕು. ಮರ ಟ್ರಾನ್ಸಮ್ ದಾಟಿ ಎರಡು ಬೆರಳು ಹೊರಗಿದ್ದರೆ ಒಳ್ಳೆಯದೇ, ಒಳಗಿದ್ದರೆ ಮಾತ್ರ ಕೆಟ್ಟದ್ದು. ಅದೂ ಅಲ್ಲದೆ ಬಂಕ್ ಉದ್ದ ಮಾಡಿದರೆ ತೂಕ ಒಂದಿಷ್ಟೂ ಮುಂದಕ್ಕೆ ಬರುವುದಿಲ್ಲ, ಬಾಲ ಅಲ್ಲಾಡುವುದು ನಿಲ್ಲುವುದಿಲ್ಲ.

ರೋಲರ್ ಬಗ್ಗೆ: ರೋಲರ್ ತಳವನ್ನು ಮುಟ್ಟುವುದು ಬಹಳ ಸಣ್ಣ ಜಾಗದಲ್ಲಿ. ಇಳಿಜಾರು ಕಡಿಮೆ ಇರುವ, ನೀರು ಆಳವಿಲ್ಲದ ಕಡೆ ಅದು ನಿಜವಾಗಿಯೂ ಉಪಕಾರಿ. ಆದರೆ ತಿಂಗಳುಗಟ್ಟಲೆ ಕೂತಿರುವ ಫೈಬರ್ ದೋಣಿಗೆ ಉದ್ದಕ್ಕೂ ಆಧಾರ ಕೊಡುವ ಬಂಕ್ ಮೇಲು. ರೋಲರ್ ಹಾಕುವುದಾದರೆ ಹೆಚ್ಚು ರೋಲರ್ ಇರುವ, ತಾನಾಗಿ ವಾಲಿಕೊಳ್ಳುವ ಜೋಡಣೆ ಬೇಕು.

ಕೀಲ್‌ಲೈನ್

ಇನ್ನು ಎಡಕ್ಕೆ ವಾಲುವ ವಿಷಯ. ಮೊದಲು ಎರಡೂ ಟೈರಿನ ಗಾಳಿ ಒಂದೇ ಇದೆಯಾ ನೋಡಿ. ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ಚಾಸಿಯ ಹಿಂದಿನ ಅಡ್ಡಪಟ್ಟಿಯ ಮೇಲೆ ರಸಮಟ್ಟ ಇಡಿ. ಚಾಸಿ ಸಮ ಇದ್ದರೆ ತಪ್ಪು ಬಂಕ್‌ನಲ್ಲಿದೆ. ಕಪ್ಲರ್ ಮಧ್ಯದಿಂದ ಹಿಂದಿನ ಅಡ್ಡಪಟ್ಟಿಯ ಮಧ್ಯಕ್ಕೆ ನೂಲು ಕಟ್ಟಿ, ನೂಲಿನಿಂದ ಎರಡೂ ಬಂಕ್‌ಗೆ ಮುಂದೆ ಒಂದು, ಹಿಂದೆ ಒಂದು ಅಳತೆ ತೆಗೆಯಿರಿ. ಎಡ ಬಲ ಒಂದೇ ಬರಬೇಕು. ಆಮೇಲೆ ಚಾಸಿಯಿಂದ ಬಂಕ್‌ನ ಎತ್ತರ. ವಿ ಆಕಾರದ ತಳಕ್ಕೆ ಒಂದು ಬಂಕ್ ಒಂದು ಸೆಂಟಿಮೀಟರ್ ಹೊರಗೆ ಹೋದರೂ ಆ ಬದಿ ಇಳಿದು ಕೂರುತ್ತದೆ.

ಬಂಕ್ ಅಗಲ ಎಷ್ಟಿರಬೇಕು ಅನ್ನುವುದನ್ನು ದೋಣಿಯೇ ಹೇಳುತ್ತದೆ. ದೋಣಿಯ ಒಳಗೆ ಉದ್ದಕ್ಕೂ ಸ್ಟ್ರಿಂಗರ್ ಅನ್ನುವ ತೊಲೆಗಳಿವೆ. ಬಂಕ್ ಅವುಗಳ ಕೆಳಗೇ ಬರಬೇಕು. ಎಂಜಿನ್ ಹತ್ತಿರದ ಮುಚ್ಚಳ ತೆಗೆದರೆ ಅವು ಕಾಣುತ್ತವೆ, ಮಧ್ಯದ ಗೆರೆಯಿಂದ ಎಷ್ಟು ದೂರ ಅಂತ ಅಳೆದುಕೊಳ್ಳಿ. ಕಾಣದಿದ್ದರೆ ಹೊರಗಿನಿಂದ ಬೆರಳ ಗಂಟಿನಿಂದ ತಳವನ್ನು ತಟ್ಟುತ್ತಾ ಬನ್ನಿ. ಟೊಳ್ಳು ಸದ್ದು ಹೋಗಿ ಗಟ್ಟಿ ಸದ್ದು ಬರುವಲ್ಲಿ ತೊಲೆ ಇದೆ. ಚಾಕ್‌ನಿಂದ ಗುರುತು ಮಾಡಿ. ತಳದ ಹೊರಗೆ ಉಬ್ಬಿದ ಏಣುಗಳಿದ್ದರೆ ಬಂಕ್ ಅವುಗಳ ಅಂಚಿನ ಮೇಲೆ ಕೂರಬಾರದು.

ಹೊಸನೀರು

ಎಡ ಬಂಕ್‌ನ ಹಿಂತುದಿ ಬಲದ್ದಕ್ಕಿಂತ ಸುಮಾರು ಎರಡು ಸೆಂಟಿಮೀಟರ್ ಹೊರಗಿದೆ! ಚಾಸಿ ಸಮ ಇದೆ, ಟೈರ್ ಸಮ ಇವೆ. ಸರ್, ದೋಣಿ ಮೇಲಿರುವಾಗಲೇ ಬಂಕ್ ಬೋಲ್ಟ್ ಸಡಿಲಿಸಬಹುದಾ?

ಸ್ಪ್ಯಾನರ್‌ವಾಲಾ

ಬೇಡ. ದಯವಿಟ್ಟು ಬೇಡ. ಬ್ರಾಕೆಟ್ ಜಾರಿದರೆ 700 ಕಿಲೋ ನಿಮ್ಮ ಕೈ ಮೇಲೆ ಬರುತ್ತದೆ.

ಸುಲಭದ ದಾರಿ ನೀರು. ದೋಣಿಯನ್ನು ನೀರಿಗೆ ಇಳಿಸಿ ಕಟ್ಟಿಹಾಕಿ, ಖಾಲಿ ಟ್ರೇಲರ್ ಮೇಲಕ್ಕೆ ತಂದು ಅಲ್ಲೇ ಪಕ್ಕದಲ್ಲಿ ಬಂಕ್ ಸರಿಸಿ. ಹೋಗುವ ಮೊದಲು ಮನೆಯಲ್ಲೇ ಹಳೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿರಿ. ಹೊಸ ಗ್ಯಾಲ್ವನೈಸ್ಡ್ ಯು-ಬೋಲ್ಟ್ ಒಂದೆರಡು ಜೊತೆಗಿರಲಿ, ಬಿಚ್ಚುವಾಗ ಮುರಿಯುವುದು ಮಾಮೂಲು. ಸರಿಸುವ ಮುನ್ನ ಹಳೆಯ ಜಾಗಕ್ಕೆಲ್ಲ ಪೇಂಟ್ ಮಾರ್ಕರ್‌ನಲ್ಲಿ ಗೆರೆ ಹಾಕಿ. ಎಲ್ಲ ಎಡವಟ್ಟಾದರೂ ಹಳೆಯ ಜಾಗಕ್ಕೆ ಮರಳಿ ದೋಣಿ ಮನೆಗೆ ತರಬಹುದು.

ಬ್ರಾಕೆಟ್ ತಿರುಗುವ ಬಗೆಯದ್ದಾದರೆ ಆ ಒಂದು ಬೋಲ್ಟ್ ಮಾತ್ರ ಅರ್ಧ ಬಿಗಿಯಾಗಿ ಬಿಡಿ. ವಿ ತಳದ ಓರೆ ಹಿಂದೆ ಒಂದು ಥರ, ಮುಂದೆ ಇನ್ನೂ ಕಡಿದಾಗಿ ಇರುತ್ತದೆ. ದೋಣಿ ಕೂತಾಗ ಬಂಕ್ ತಾನೇ ಆ ಓರೆಗೆ ತಿರುಗಿಕೊಳ್ಳುತ್ತದೆ. ಆಮೇಲೆ ಪೂರ್ತಿ ಬಿಗಿ ಮಾಡಿ. ಈ ಬಿಗಿ ಮಾಡುವ ಕೆಲಸಕ್ಕೆ ದೋಣಿಯ ಕೆಳಗೆ ಮಲಗುವ ಅಗತ್ಯವಿಲ್ಲ, ಪಕ್ಕದಿಂದ ಕೈ ಹೋಗುತ್ತದೆ.

ತೇಲುಮರ

ನನ್ನದು ಅಲ್ಯೂಮಿನಿಯಂ ದೋಣಿ. ನಾನೂ ಬಂಕ್ ಮರ ಬದಲಾಯಿಸಬೇಕು. ಕೊಳೆಯದಂತೆ ಔಷಧಿ ಹಾಕಿದ ಮರ ಸಿಗುತ್ತದೆ, ಅದೇ ತರುತ್ತೇನೆ.

ಅಲೆಯಂಚು

ತೇಲುಮರ ಅವರೇ, ತರುವ ಮೊದಲು ಇದನ್ನು ಓದಿ. ಈಗ ಬರುವ ಹಲವು ಔಷಧಿ ಮರಗಳಲ್ಲಿ ತಾಮ್ರದ ಅಂಶ ಜಾಸ್ತಿ. ಒದ್ದೆ ಕಾರ್ಪೆಟ್ ಮೂಲಕ ತಾಮ್ರ ಅಲ್ಯೂಮಿನಿಯಂಗೆ ತಾಗಿದರೆ ಲೋಹ ಸವೆದು ಸಣ್ಣ ಸಣ್ಣ ಗುಳಿ ಬೀಳುತ್ತವೆ. ಬಂಕ್ ಕೂತ ಉದ್ದಕ್ಕೂ ಸಾಲಾಗಿ ಗುಳಿ ಬಿದ್ದ ತಳ ನೋಡಿದ್ದೇನೆ, ದೋಣಿ ಎತ್ತುವವರೆಗೂ ಯಾರಿಗೂ ಗೊತ್ತಾಗಿರಲಿಲ್ಲ. ಅಲ್ಯೂಮಿನಿಯಂ ದೋಣಿಗೆ ಔಷಧಿ ಇಲ್ಲದ ಗಟ್ಟಿ ಮರ ಹಾಕಿ, ಕೆಲವು ವರ್ಷಕ್ಕೊಮ್ಮೆ ಬದಲಾಯಿಸಿ. ಇಲ್ಲವೇ ಮರದ ಮೇಲೆ ಪ್ಲಾಸ್ಟಿಕ್ ಪಟ್ಟಿ ಹೊಡೆಯಿರಿ.

ಪ್ಲಾಸ್ಟಿಕ್ ಪಟ್ಟಿ ಹಾಕಿದರೆ ಒಂದು ಎಚ್ಚರ. ಅದು ಬಹಳ ಜಾರುತ್ತದೆ. ಟ್ರೇಲರ್ ನೀರಿಗೆ ಇಳಿಯುವವರೆಗೆ ವಿಂಚ್ ಪಟ್ಟಿ, ಸೇಫ್ಟಿ ಚೈನ್ ಎರಡನ್ನೂ ಬಿಚ್ಚಬೇಡಿ. ಇಳಿಜಾರಿನಲ್ಲೇ ದೋಣಿ ಜಾರಿ ಕಾಂಕ್ರೀಟಿಗೆ ಬೀಳುತ್ತದೆ.

ಕಾರ್ಪೆಟ್ ಹೊಡೆಯುವವರು ಸ್ಟೇನ್‌ಲೆಸ್ ಸ್ಟೇಪಲ್ ಬಳಸಿ, ಮರದ ಬದಿಗೆ ಮತ್ತು ಕೆಳಗೆ ಹೊಡೆಯಿರಿ, ಮೇಲೆ ಬೇಡ. ಮರ ಹಿಡಿದಿರುವ ಬೋಲ್ಟಿನ ತಲೆ ಮರದೊಳಗೆ ಹೂತಿರಬೇಕು. ಕಾರ್ಪೆಟ್ ಸವೆದ ದಿನ ಅದೇ ತಲೆ ತಳವನ್ನು ಗೀರುತ್ತದೆ.

ಹೊಸನೀರು

ಬಂಕ್ ಸರಿಸಿದೆ. ಎರಡೂ ಸ್ಟ್ರಿಂಗರ್ ಕೆಳಗೆ, ನೂಲಿನಿಂದ ಸಮ ದೂರದಲ್ಲಿ. ದೋಣಿ ಈಗ ನೇರವಾಗಿ ಕೂರುತ್ತದೆ. ವಿಂಚ್ ಕಂಬವನ್ನೂ 18 ಸೆಂಟಿಮೀಟರ್ ಮುಂದಕ್ಕೆ ತಂದೆ. ಟ್ರಾನ್ಸಮ್ ಬಂಕ್ ತುದಿಗೆ ಸಮವಾಗಿದೆ, ಹಿಂದಿನ ಅಡ್ಡಪಟ್ಟಿ ಅದರ ಕೆಳಗೇ ಇದೆ. ಕಾರಿನ ಡಿಕ್ಕಿ ಬಾಗಿಲಿಗೆ ಮೂತಿ ತಾಗುವುದಿಲ್ಲ.

ಎರಡು ಪ್ರಶ್ನೆ. ತಳ ಬಂಕ್‌ಗೆ ಪೂರ್ತಿ ತಾಗಿದೆಯಾ ಅಂತ ನೋಡುವುದು ಹೇಗೆ? ವಿಂಚ್ ಎತ್ತರ ಎಷ್ಟಿರಬೇಕು? ಈಗ ಪಟ್ಟಿ ಮೂತಿಯ ಕೊಂಡಿಯಿಂದ ಕೆಳಮುಖವಾಗಿ ಎಳೆಯುತ್ತಿದೆ.

ಕೀಲ್‌ಲೈನ್

ತಾಗಿರುವುದನ್ನು ನೋಡಲು ತೆಳು ಕಾಗದದ ಪಟ್ಟಿ ಸಾಕು. ಬಂಕ್‌ಗೂ ತಳಕ್ಕೂ ಮಧ್ಯೆ ಪಕ್ಕದಿಂದ ತೂರಿಸುತ್ತಾ ಮುಂದಿನಿಂದ ಹಿಂದಕ್ಕೆ ಬನ್ನಿ. ಕಾಗದ ಒಳಗೆ ಹೋಗದಿದ್ದರೆ ಭಾರ ಬಿದ್ದಿದೆ. ಸಲೀಸಾಗಿ ಹೋದರೆ ಅಲ್ಲಿ ಬಂಕ್ ಸುಮ್ನೆ ಇದೆ, ಅದರ ಪಾಲಿನ ಭಾರವನ್ನು ಪಕ್ಕದ ಜಾಗ ಹೊರುತ್ತಿದೆ. ಮುಂದಿನ ತುದಿಯಲ್ಲಿ ಸ್ವಲ್ಪ ಸಂದು ಇದ್ದರೆ ತೊಂದರೆಯಿಲ್ಲ, ತಳ ಅಲ್ಲಿ ಮೇಲಕ್ಕೆ ಬಾಗುತ್ತದೆ. ಹಿಂದಿನ ಅರ್ಧದಲ್ಲಿ ಕಾಗದ ಎಲ್ಲೂ ನುಸುಳಬಾರದು. ನುಸುಳಿದರೆ ಆ ಬ್ರಾಕೆಟ್ ಒಂದಿಷ್ಟು ಏರಿಸಬೇಕು, ಅದೂ ಮತ್ತೆ ದೋಣಿ ಇಳಿಸಿಯೇ.

ಕೀಲ್ ಕೆಳಗಿನ ರೋಲರ್ ನಿಮ್ಮ ಟ್ರೇಲರಿನಲ್ಲಿ ದಾರಿ ತೋರಿಸಲು ಇರುವುದು, ಭಾರ ಹೊರಲು ಅಲ್ಲ. ದೋಣಿ ಕೂತ ಮೇಲೆ ಅದು ಕೈಯಿಂದ ತಿರುಗುವಂತಿರಲಿ.

ವಿಂಚ್ ಪಟ್ಟಿ ಕೆಳಮುಖವಾಗಿ ಎಳೆಯಬಾರದು. ಎಳೆದಷ್ಟೂ ಮೂತಿ ಕೆಳಕ್ಕೆ ಒತ್ತುತ್ತದೆ, ಮುಂದಕ್ಕೆ ಬರುವುದಿಲ್ಲ, ಕೊಂಡಿಗೂ ಹಿಂಸೆ. ಕಂಬ ಏರಿಸಿ. ಮೂತಿ ತಾಗುವ ರಬ್ಬರ್ ರೋಲರ್ ಕೊಂಡಿಗಿಂತ ಮೇಲೆ ಬರಬೇಕು, ಪಟ್ಟಿ ಮಟ್ಟಸವಾಗಿ ಅಥವಾ ಸ್ವಲ್ಪ ಮೇಲ್ಮುಖವಾಗಿ ಎಳೆಯಬೇಕು. ಆಗ ಕೊಂಡಿ ರೋಲರ್ ಕೆಳಗೆ ಬಂದು ಕೂರುತ್ತದೆ, ಗುಂಡಿ ಹಾರುವಾಗ ಮೂತಿ ಮೇಲೇಳುವುದಿಲ್ಲ. ಸೇಫ್ಟಿ ಚೈನ್ ವಿಂಚ್‌ಗೆ ಕಟ್ಟಬೇಡಿ, ಟ್ರೇಲರಿನ ಚಾಸಿಗೆ ಕಟ್ಟಿ. ವಿಂಚ್ ಕೈಕೊಟ್ಟ ದಿನಕ್ಕೇ ಅಲ್ವಾ ಆ ಚೈನ್ ಇರುವುದು.

ಹೊಸನೀರು

ಕಂಬ ಏರಿಸಿದೆ. ಕಾಗದ ಹಿಂದೆಲ್ಲೂ ನುಸುಳುತ್ತಿಲ್ಲ. ಕಪ್ಲರ್ ಮೇಲೆ ಈಗ 56 ಕಿಲೋ. ನೀವು ಹೇಳಿದ ಲೆಕ್ಕಕ್ಕೆ ಇಷ್ಟು ಹತ್ತಿರ ಬರುತ್ತದೆ ಅಂದುಕೊಂಡಿರಲಿಲ್ಲ. ಓಡಿಸಿ ನೋಡಿದೆ, ಬಾಲ ಅಲ್ಲಾಡುವುದು ತುಂಬಾ ಕಡಿಮೆಯಾಗಿದೆ. ಆದರೆ ದೊಡ್ಡ ಲಾರಿ ಪಕ್ಕದಲ್ಲಿ ಹಾದರೆ ಇನ್ನೂ ಒಂದಿಷ್ಟು ತೂಗುತ್ತದೆ. ಆಕ್ಸಲ್ ಮುಟ್ಟಲಾ?

ಸ್ಪ್ಯಾನರ್‌ವಾಲಾ

ಈಗ ಮುಟ್ಟಬಹುದು. 5 ಸೆಂಟಿಮೀಟರ್ ಹಿಂದಕ್ಕೆ ಸರಿಸಿದರೆ ಸುಮಾರು 10 ಕಿಲೋ ಕೂಡುತ್ತದೆ, ನೂರಕ್ಕೆ 7 ಆಗುತ್ತದೆ. ಅದಕ್ಕಿಂತ ಜಾಸ್ತಿ ಬೇಡ.

ದೋಣಿ ಇಲ್ಲದೆ, ಚಾಸಿಯನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಮಾಡಿ. ಬರೀ ಜಾಕ್ ನಂಬಬೇಡಿ. ಎರಡೂ ಹ್ಯಾಂಗರ್ ಒಂದೇ ಅಳತೆ ಸರಿಸಿದರೆ ಸಾಲದು. ಕಪ್ಲರಿನ ಮಧ್ಯದ ಬಿಂದುವಿನಿಂದ ಆಕ್ಸಲ್‌ನ ಎಡ ತುದಿಗೆ ಒಮ್ಮೆ, ಬಲ ತುದಿಗೆ ಒಮ್ಮೆ ಟೇಪ್ ಹಿಡಿಯಿರಿ. ಸ್ಪ್ರಿಂಗ್ ಕೂತಿರುವ ಜಾಗ ಎರಡೂ ಕಡೆ ಒಂದೇ ಇದೆಯಾ ನೋಡಿಕೊಂಡು ಅಳೆಯಿರಿ. ಎರಡೂ ಒಂದೇ ಬರುವವರೆಗೆ ಬಿಗಿ ಮಾಡಬೇಡಿ. ಕೆಲವೇ ಮಿಲಿಮೀಟರ್ ವ್ಯತ್ಯಾಸ ಇದ್ದರೂ ಟ್ರೇಲರ್ ಓರೆಯಾಗಿ ಓಡುತ್ತದೆ, ಟೈರ್ ಒಂದು ಬದಿ ಸವೆಯುತ್ತದೆ.

ಮಡ್‌ಗಾರ್ಡ್ ಚಾಸಿಗೆ ಕಟ್ಟಿದ್ದರೆ ಅದನ್ನೂ 5 ಸೆಂಟಿಮೀಟರ್ ಹಿಂದಕ್ಕೆ ತರಬೇಕು. ಬ್ರೇಕ್ ಇದ್ದರೆ ಅದರ ಪೈಪ್ ಎಳೆತಕ್ಕೆ ಸಿಗದಷ್ಟು ಸಡಿಲ ಇದೆಯಾ ನೋಡಿ. ಲೈಟಿನ ವೈರ್ ಕೂಡ. ಯು-ಬೋಲ್ಟ್ ನಟ್ಟುಗಳನ್ನು ಒಂದೇ ಕಡೆ ಪೂರ್ತಿ ಬಿಗಿಯದೆ ಅಡ್ಡಡ್ಡ, ಸ್ವಲ್ಪ ಸ್ವಲ್ಪ ಬಿಗಿಯಿರಿ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ಮತ್ತೆ ಸ್ಪ್ಯಾನರ್ ಹಾಕಿ. ಹೊಸದಾಗಿ ಕೂತ ಬೋಲ್ಟ್ ಮೊದಲ ಓಟದಲ್ಲಿ ಸಡಿಲವಾಗಿಯೇ ಆಗುತ್ತದೆ, ಬಂಕ್‌ನದ್ದೂ ಅಷ್ಟೇ.

ಹೊಸನೀರು

ಆಯಿತು ಸರ್. ಸರಿಸಿದೆ, ಟೇಪ್ ಎರಡೂ ಕಡೆ ಒಂದೇ ತೋರಿಸಿತು. 66 ಕಿಲೋ. ಲಾರಿ ಹಾದರೂ ಟ್ರೇಲರ್ ನೇರವಾಗಿ ಬರುತ್ತಿದೆ. ಎಲ್ಲರಿಗೂ ತುಂಬಾ ಧನ್ಯವಾದ.

ಉಳಿದದ್ದು ಒಂದೇ. ಏರಿಸುವಾಗ ದೋಣಿ ಒಂದೊಂದು ಸಲ ನಡುವಿಗೆ ಬಾರದೆ ಪಕ್ಕಕ್ಕೆ ಕೂರುತ್ತದೆ. ಬಂಕ್ ಅಂತೂ ಈಗ ಸರಿಯಾಗಿಯೇ ಇದೆ.

ಅಲೆಯಂಚು

ಟ್ರೇಲರ್ ನೀರಿನೊಳಗೆ ಬಹಳ ದೂರ ಹೋಗುತ್ತಿರಬೇಕು. ಬಂಕ್ ಪೂರ್ತಿ ಮುಳುಗಿದರೆ ದೋಣಿಯ ಹಿಂಭಾಗ ತೇಲುತ್ತಲೇ ಇರುತ್ತದೆ, ಗಾಳಿ ಎತ್ತ ತಳ್ಳಿತೋ ಅತ್ತ ಹೋಗಿ ಕೂರುತ್ತದೆ. ಬಂಕ್‌ನ ಮುಂದಿನ ತುದಿ ನೀರಿನಿಂದ ಸ್ವಲ್ಪ ಹೊರಗೆ ಕಾಣುವಷ್ಟಕ್ಕೆ ನಿಲ್ಲಿಸಿ. ದೋಣಿ ಮುಕ್ಕಾಲು ಭಾಗ ತಾನೇ ಬರಬೇಕು, ಕೊನೆಯ ಸ್ವಲ್ಪವನ್ನು ವಿಂಚ್‌ನಿಂದ ಎಳೆಯಬೇಕು. ಆ ಕೊನೆಯ ಎಳೆತದಲ್ಲೇ ತಳ ಬಂಕ್ ಹಿಡಿದು ನಡುವಿಗೆ ಬರುತ್ತದೆ. ಎಲ್ಲಿಯವರೆಗೆ ಇಳಿಸಿದರೆ ಸರಿ ಬಂತು ಅಂತ ಗೊತ್ತಾದ ಮೇಲೆ ಮಡ್‌ಗಾರ್ಡ್ ಮೇಲೆ ನೀರಿನ ಮಟ್ಟಕ್ಕೆ ಒಂದು ಟೇಪ್ ತುಂಡು ಅಂಟಿಸಿಕೊಳ್ಳಿ. ಗಾಳಿ ಜಾಸ್ತಿ ಇರುವ ಕಡೆ ಇಳಿಸುವುದಾದರೆ ಹಿಂದೆ ಎರಡೂ ಬದಿಗೆ ನೆಟ್ಟಗೆ ನಿಲ್ಲುವ ಗೈಡ್ ಕಂಬ ಹಾಕಿಸಿ, ದೋಣಿಯ ಬದಿಗೂ ಕಂಬಕ್ಕೂ ಎರಡು ಬೆರಳಿನಷ್ಟು ಸಂದು ಬಿಟ್ಟು.

ಹೊರಡುವ ಮೊದಲು ಟ್ರಾನ್ಸಮ್‌ನ ಎರಡೂ ಕೊಂಡಿಗೆ ಪಟ್ಟಿ ಕಟ್ಟಿ ಚಾಸಿಗೆ ಬಿಗಿಯುವುದನ್ನು ಬಿಡಬೇಡಿ. ದೋಣಿ ಕುಪ್ಪಳಿಸದಷ್ಟು ಬಿಗಿ ಸಾಕು.